ಹಳೇ ಪವರ್ ವೀಲ್‌ಚೇರಿನ ಒಂದು ಮೋಟರ್ ಕೈಕೊಟ್ಟರೆ

ಪ್ರಶ್ನೆ: ನಾವು ಬೆಂಗಳೂರಿನ ಹನುಮಂತನಗರದವರು. ಅಮ್ಮ ಬಳಸುವುದು 11 ವರ್ಷ ಹಳೆಯ ಪವರ್ ವೀಲ್‌ಚೇರ್. ಅಣ್ಣ ವಿದೇಶದಿಂದ ತಂದಿದ್ದು. ಈಚೆಗೆ ಬಲಗಡೆ ಚಕ್ರ ತೊಂದರೆ ಕೊಡುತ್ತಿದೆ. ಜಾಯ್‌ಸ್ಟಿಕ್ ತಳ್ಳಿದರೆ ಕೆಲವೊಮ್ಮೆ ಹೊರಡುವುದೇ ಇಲ್ಲ. ಜಾಯ್‌ಸ್ಟಿಕ್ ಹಿಡಿದಿರುವಾಗಲೇ ಹಿಂದಿನಿಂದ ಸ್ವಲ್ಪ ನೂಕಿದರೆ ಹೊರಡುತ್ತದೆ. ಹೊರಟ ಮೇಲೂ ಬಲಕ್ಕೆ ಎಳೆಯುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಹತ್ತಿಸಿದಾಗ ಸುಟ್ಟ ವಾಸನೆ ಬರುತ್ತದೆ. ಅಂಗಡಿಯವರು ಮೊದಲು ಬ್ಯಾಟರಿ ಬದಲಿಸಿದರು, ಸರಿಹೋಗಲಿಲ್ಲ. ಈಗ "ಮೋಟರ್ ಹೋಗಿದೆ, ಈ ಮಾಡೆಲ್ ಸಿಗಲ್ಲ, ಹೊಸ ಚೇರ್ ತಗೊಳ್ಳಿ" ಅನ್ನುತ್ತಿದ್ದಾರೆ. ಇನ್ನೊಬ್ಬ ಮೆಕ್ಯಾನಿಕ್ ಕಾರಿನ ವೈಪರ್ ಮೋಟರ್ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಅಮ್ಮನಿಗೆ ಈ ಚೇರೇ ಒಗ್ಗಿದೆ. ಏನು ಮಾಡೋದು?

ಉತ್ತರ: ವೈಪರ್ ಮೋಟರ್ ಖಂಡಿತ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಹೊಸ ಚೇರಿನ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನೀವು ಬರೆದ ಲಕ್ಷಣ ನೋಡಿದರೆ ಇಡೀ ಮೋಟರ್ ಹೋಗಿರುವ ಸಾಧ್ಯತೆ ಕಡಿಮೆ. ಮೋಟರಿನಲ್ಲಿ ಸವೆಯಲೆಂದೇ ಇಟ್ಟಿರುವ ಒಂದು ಸಣ್ಣ ಭಾಗ ಇದೆ, ಕಾರ್ಬನ್ ಬ್ರಷ್. ನನ್ನ ಅನುಮಾನ ಮೊದಲು ಅದರ ಮೇಲೆ. ಎರಡನೇ ಅನುಮಾನ ಬ್ರೇಕ್ ಮೇಲೆ.

ಬ್ಯಾಟರಿ ವಿಚಾರ ಮೊದಲು ಮುಗಿಸಿಬಿಡೋಣ. ಇಂಥ ಚೇರುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಕೊಡುತ್ತವೆ. ಎರಡೂ ಮೋಟರಿಗೆ ಅದೇ ಬ್ಯಾಟರಿ. ಬ್ಯಾಟರಿ ಸೊರಗಿದರೆ ಎರಡೂ ಚಕ್ರ ಒಟ್ಟಿಗೇ ಸೊರಗಬೇಕು, ಅಲ್ವಾ? ಒಂದೇ ಚಕ್ರ ಸೊರಗಿದರೆ ಅದು ಬ್ಯಾಟರಿಯ ತಪ್ಪಲ್ಲ. ನಿಮ್ಮ ಅಂಗಡಿಯವರು ಇಷ್ಟು ಯೋಚಿಸಬೇಕಿತ್ತು. ಇರಲಿ, ಆ ದುಡ್ಡು ಪೂರ್ತಿ ದಂಡವಲ್ಲ. ದಿನಾ ಓಡಿಸುವ ಚೇರಿನಲ್ಲಿ ಲೆಡ್ ಆಸಿಡ್ ಬ್ಯಾಟರಿ ಎರಡು ಮೂರು ವರ್ಷಕ್ಕಿಂತ ಜಾಸ್ತಿ ಬಾಳುವುದು ಅಪರೂಪ.

ಈಗ ಮೋಟರಿಗೆ ಬರೋಣ. ಹತ್ತು ಹನ್ನೆರಡು ವರ್ಷ ಹಳೆಯ ಚೇರು ಅಂದರೆ ಬಹುಪಾಲು ಬ್ರಷ್ ಇರುವ ಡಿಸಿ ಮೋಟರೇ. ಹೊರಗಿನ ಸಿಲಿಂಡರಿನ ಒಳಗೋಡೆಗೆ ಆಯಸ್ಕಾಂತ ಅಂಟಿಸಿರುತ್ತಾರೆ. ನಡುವೆ ತಿರುಗುವುದು ಆರ್ಮೇಚರ್, ಅಂದರೆ ತಾಮ್ರದ ತಂತಿ ಸುತ್ತಿದ ಭಾಗ. ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಉಂಗುರ, ಅದೇ ಕಮ್ಯುಟೇಟರ್. ಬ್ರಷ್‌ಗಳು ಆ ಉಂಗುರಕ್ಕೆ ಸ್ಪ್ರಿಂಗಿನ ಒತ್ತಡದಲ್ಲಿ ಒರಗಿಕೊಂಡು ಕರೆಂಟ್ ದಾಟಿಸುತ್ತವೆ. ಮೋಟರಿನ ಒಂದು ತುದಿಗೆ ಗೇರ್‌ಬಾಕ್ಸ್. ಇನ್ನೊಂದು ತುದಿಯ ಟೊಪ್ಪಿಯೊಳಗೆ ಕರೆಂಟಿನಿಂದ ಬಿಡುವ ಬ್ರೇಕ್.

ಬ್ರಷ್ ಸವೆದು ಗಿಡ್ಡ ಆದ ಹಾಗೆ ಸ್ಪ್ರಿಂಗ್ ಸಡಿಲವಾಗುತ್ತದೆ, ಒತ್ತಡ ಸಾಲುವುದಿಲ್ಲ. ಕಮ್ಯುಟೇಟರಿನ ಒಂದೆರಡು ಪಟ್ಟಿಯ ಮೇಲೆ ಬ್ರಷ್ ಸರಿಯಾಗಿ ಕೂರುವುದಿಲ್ಲ. ಚೇರ್ ಆ ಜಾಗದಲ್ಲೇ ನಿಂತರೆ ಮತ್ತೆ ಹೊರಡಲ್ಲ. ನೀವು ನೂಕಿದಾಗ ಆರ್ಮೇಚರ್ ಕೂದಲೆಳೆಯಷ್ಟು ತಿರುಗಿ ಬ್ರಷ್ ಪಕ್ಕದ ಪಟ್ಟಿಗೆ ಹೋಗುತ್ತದೆ, ಚೇರ್ ಹೊರಡುತ್ತದೆ. "ನೂಕಿದರೆ ಹೊರಡುತ್ತದೆ" ಅನ್ನುವ ಒಂದೇ ಮಾತು ಅರ್ಧ ಪರೀಕ್ಷೆ ಮುಗಿಸಿಕೊಟ್ಟಿದೆ. ಬಲಗಡೆ ಮೋಟರ್ ಮಂಕಾದಾಗ ಎಡಗಡೆಯದು ಮುಂದೆ ಓಡುತ್ತದೆ. ಅದಕ್ಕೇ ಚೇರ್ ಬಲಕ್ಕೆ ಎಳೆಯುವುದು.

ಆದರೂ ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಅಮ್ಮನನ್ನು ಇಳಿಸಿ, ಚೇರಿನ ಚೌಕಟ್ಟಿನ ಕೆಳಗೆ ಎರಡು ಸಾಲಿಡ್ ಬ್ಲಾಕ್ ಅಥವಾ ಗಟ್ಟಿ ಮರದ ತುಂಡು ಕೊಟ್ಟು ಎರಡೂ ಚಕ್ರ ನೆಲ ಬಿಡುವ ಹಾಗೆ ಎತ್ತಿ. ವೈರ್ ಮುಟ್ಟುವ ಮುಂಚೆ ಬ್ಯಾಟರಿಯ ಪ್ಲಗ್ ಕಳಚಿ. ಕೈಯಲ್ಲಿ ಉಂಗುರ, ಬಳೆ, ಕಡಗ ಬೇಡ. 24 ವೋಲ್ಟ್ ಶಾಕ್ ಹೊಡೆಯಲ್ಲ, ನಿಜ. ಆದರೆ ಬ್ಯಾಟರಿಯ ಎರಡು ತುದಿಗೂ ಉಂಗುರ ತಗುಲಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ.

ಪ್ರತಿ ಮೋಟರಿನಿಂದ ಕಂಟ್ರೋಲರಿಗೆ, ಅಂದರೆ ಜಾಯ್‌ಸ್ಟಿಕ್ ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಗೆ, ಹೋಗುವ ಪ್ಲಗ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ವೈರ್ ಇರುತ್ತವೆ. ದಪ್ಪ ಎರಡು ಮೋಟರಿಗೆ, ಸಣ್ಣ ಎರಡು ಬ್ರೇಕಿಗೆ. ಮೊದಲು ಆ ಪ್ಲಗ್ಗನ್ನೇ ನೋಡಿ. ಪಿನ್ ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ? ನಮ್ಮಲ್ಲಿ ನೆಲ ಒರೆಸುವ ನೀರು, ಮಳೆಗಾಲದ ರಾಡಿ ಎಲ್ಲ ಸೇರುವುದು ಅಲ್ಲಿಗೇ. ಎಷ್ಟೋ ಸಲ ರೋಗ ಪಿನ್ನಿನಲ್ಲೇ ಮುಗಿದಿರುತ್ತದೆ. ಪಿನ್ ಚೆನ್ನಾಗಿದ್ದರೆ ಎಡ ಮತ್ತು ಬಲದ ಪ್ಲಗ್‌ಗಳನ್ನು ಅದಲು ಬದಲು ಮಾಡಿ, ಬ್ಯಾಟರಿಯ ಪ್ಲಗ್ ಮತ್ತೆ ಸಿಕ್ಕಿಸಿ, ಚಕ್ರ ಗಾಳಿಯಲ್ಲಿರುವಾಗಲೇ ಜಾಯ್‌ಸ್ಟಿಕ್ ಮೆಲ್ಲಗೆ ತಳ್ಳಿ. ಆಗಲೂ ಬಲಗಡೆ ಚಕ್ರವೇ ತಡವರಿಸಿದರೆ ತಪ್ಪು ಮೋಟರಿನಲ್ಲಿದೆ. ಈಗ ಎಡಗಡೆ ಚಕ್ರ ತಡವರಿಸಲು ಶುರು ಮಾಡಿದರೆ ತಪ್ಪು ಕಂಟ್ರೋಲರಿನದು, ಮೋಟರಿಗೆ ಕೈ ಹಾಕುವುದೇ ಬೇಡ. ಪ್ಲಗ್ ಬದಲಾದಾಗ ಜಾಯ್‌ಸ್ಟಿಕ್ ಮತ್ತು ಚಕ್ರಗಳ ಲೆಕ್ಕ ತಲೆಕೆಳಗಾಗಿರುತ್ತದೆ. ಹಾಗಾಗಿ ಈ ಸ್ಥಿತಿಯಲ್ಲಿ ಚೇರನ್ನು ನೆಲಕ್ಕೆ ಇಳಿಸಬೇಡಿ, ಯಾರನ್ನೂ ಕೂರಿಸಬೇಡಿ.

ಜಾಯ್‌ಸ್ಟಿಕ್ ಪೆಟ್ಟಿಗೆಯ ದೀಪ ಮಿಣುಕುತ್ತಿದ್ದರೆ ಎಷ್ಟು ಸಲ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಎಡ ಮೋಟರ್, ಬಲ ಮೋಟರ್, ಬ್ರೇಕ್, ಬ್ಯಾಟರಿ ಹೀಗೆ ಒಂದೊಂದಕ್ಕೂ ಒಂದೊಂದು ಎಣಿಕೆ ಇರುತ್ತದೆ. ಕಂಪನಿಯಿಂದ ಕಂಪನಿಗೆ ಅದು ಬೇರೆ, ಮ್ಯಾನ್ಯುಯಲ್‌ನಲ್ಲಿ ಪಟ್ಟಿ ಸಿಗುತ್ತದೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿಯ ಪ್ಲಗ್ಗನ್ನೂ ಮೋಟರಿನ ಪ್ಲಗ್ಗನ್ನೂ ಕಳಚಿ, ಮೋಟರಿನ ದಪ್ಪ ವೈರ್ ಎರಡರ ನಡುವೆ ಓಮ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆಯಿರಿ. ಆರೋಗ್ಯವಂತ ಮೋಟರಿನಲ್ಲಿ ಇದು ತುಂಬ ಕಡಿಮೆ, ಒಂದು ಓಮಿನ ಆಸುಪಾಸು. ಸಾಮಾನ್ಯ ಮೀಟರಿಗೆ ಅಷ್ಟು ಸಣ್ಣ ಅಳತೆ ಸರಿಯಾಗಿ ಬರಲ್ಲ. ಅದಕ್ಕೆ ಅಂಕಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಎಡಗಡೆ ಮೋಟರಿಗೆ ಹೋಲಿಸಿ. ಹಳೇ ಚೇರಿಗೆ ಸರ್ವಿಸ್ ಪುಸ್ತಕ ಸಿಗದಿದ್ದರೂ ಚೆನ್ನಾಗಿರುವ ಎಡಗಡೆ ಮೋಟರೇ ನಿಮ್ಮ ಸರ್ವಿಸ್ ಪುಸ್ತಕ. ಅಳತೆ, ಶಬ್ದ, ಬಿಗಿ, ಬಿಸಿ ಎಲ್ಲವನ್ನೂ ಅದರ ಜೊತೆಗೇ ಹೋಲಿಸಿ. ಫ್ರೀವೀಲ್ ಲಿವರ್ (ಚೇರನ್ನು ಕೈಯಲ್ಲಿ ತಳ್ಳಲು ಬ್ರೇಕ್ ಬಿಡಿಸುವ ಹಿಡಿ) ಎಳೆದು, ಚಕ್ರವನ್ನು ನಿಧಾನ ತಿರುಗಿಸುತ್ತಾ ಅಳೆದಾಗ ಬಲಗಡೆ ಅಂಕಿ ಹತ್ತಾರು ಓಮಿಗೆ ಜಿಗಿದರೆ ಅಥವಾ ಪೂರ್ತಿ ಕಡಿದುಹೋದರೆ ಬ್ರಷ್ ಇಲ್ಲವೇ ಕಮ್ಯುಟೇಟರ್ ಅಂತಲೇ ಅರ್ಥ. ಆಮೇಲೆ ಮೀಟರಿನ ಒಂದು ಕಡ್ಡಿ ದಪ್ಪ ವೈರಿಗೆ, ಇನ್ನೊಂದು ಮೋಟರಿನ ಪೇಂಟ್ ಇಲ್ಲದ ಲೋಹಕ್ಕೆ ಇಡಿ. ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಒಳಗೆ ಕಾರ್ಬನ್ ಪುಡಿ ತೇವ ಕುಡಿದು ಕೂತಿದೆ, ಇಲ್ಲವೇ ಆರ್ಮೇಚರಿಗೆ ಸುತ್ತಿದ ತಂತಿ ಮೋಟರಿನ ಲೋಹದ ಹೊರಮೈಗೆ ತಗುಲಿದೆ.

ಈಗ ಬ್ರಷ್. ಎಷ್ಟೋ ಮೋಟರುಗಳಲ್ಲಿ ಹಿಂಭಾಗದ ಎರಡು ಬದಿಗೆ ಎದುರುಬದುರು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತವೆ, ನಡುವೆ ಸ್ಕ್ರೂಡ್ರೈವರ್ ಗೀರು. ಅಗಲವಾದ ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ತಿರುಗಿಸಿ. ಹಳೇ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮುಚ್ಚಳದ ಹಿಂದೆಯೇ ಸ್ಪ್ರಿಂಗು, ಬ್ರಷ್ಷು ಬರುತ್ತವೆ. ಬ್ರಷ್ಷಿನ ತುದಿ ಕಮ್ಯುಟೇಟರಿನ ಆಕಾರಕ್ಕೆ ಬಾಗಿಕೊಂಡಿರುತ್ತದೆ. ಯಾವ ಬದಿ ಮೇಲಿತ್ತು ಅಂತ ಮಾರ್ಕರಿನಲ್ಲಿ ಗುರುತು ಹಾಕಿ, ವಾಪಸ್ ಹಾಕುವುದಾದರೆ ಅದೇ ಬದಿಗೆ ಹೋಗಬೇಕು. ಹೊಸದರ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಮುಗಿಯಿತು, ಎರಡನ್ನೂ ಬದಲಿಸಿ. ಸ್ಪ್ರಿಂಗ್ ನೀಲಿಗಟ್ಟಿದ್ದರೆ ಅದು ಕಾದು ಸತ್ವ ಕಳೆದುಕೊಂಡಿದೆ, ಅದೂ ಹೋಗಲಿ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಅಂಗಡಿಗೆ ಹೋಗಿ ಬ್ರಷ್ ತೋರಿಸಿದರೆ ಅಳತೆ ನೋಡಿ ಮಿಕ್ಸಿದೋ ಡ್ರಿಲ್ ಮಷಿನ್‌ದೋ ಬ್ರಷ್ ಕೊಟ್ಟುಬಿಡುತ್ತಾರೆ. ಕೂರುತ್ತದೆ, ಓಡುತ್ತದೆ ಕೂಡ. ಆದರೆ ಅದು 230 ವೋಲ್ಟಿಗೆ ಮಾಡಿದ ಬರೀ ಕಾರ್ಬನ್. ಅಂಥ ಬ್ರಷ್ ಜೋಡಿ ಸುಮಾರು ಎರಡು ವೋಲ್ಟ್ ತಾನೇ ನುಂಗುತ್ತದೆ. 230ರಲ್ಲಿ ಎರಡು ಹೋದರೆ ಯಾರಿಗೂ ಗೊತ್ತಾಗಲ್ಲ. 24ರಲ್ಲಿ ಎರಡು ಹೋದರೆ ರ‍್ಯಾಂಪಿನಲ್ಲಿ ಗೊತ್ತಾಗುತ್ತದೆ. ನುಂಗಿದ್ದೆಲ್ಲ ಬಿಸಿಯಾಗಿ ಕಮ್ಯುಟೇಟರಿನ ಮೇಲೆ ಇಳಿಯುತ್ತದೆ. ನಿಮಗೆ ಬೇಕಿರುವುದು ತಾಮ್ರದ ಪುಡಿ ಬೆರೆಸಿದ ಬ್ರಷ್. ಹಳೇ ಬ್ರಷ್ಷನ್ನು ಉಜ್ಜಿ ಬೆಳಕಿಗೆ ಹಿಡಿದರೆ ತಾಮ್ರದ ಕೆಂಪು ಮಿಂಚು ಕಾಣುತ್ತದೆ. ಹೊಸದರಲ್ಲೂ ಅಷ್ಟೇ ಮಿಂಚು ಇರಬೇಕು. ಜೆ.ಸಿ. ರಸ್ತೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಲಾರಿ, ಬಸ್ಸಿನ 24 ವೋಲ್ಟ್ ಬ್ಲೋಯರ್ ಮೋಟರಿನ ಬ್ರಷ್ ಕೇಳಿ. ಸ್ವಲ್ಪ ದೊಡ್ಡದು ಸಿಕ್ಕರೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಅಳತೆಗೆ ತರಬಹುದು. ಸಿಕ್ಕಾಪಟ್ಟೆ ಉಜ್ಜಿ ಸಡಿಲ ಮಾಡಬೇಡಿ. ಗೂಡಿನಲ್ಲಿ ಜಾರಬೇಕು, ಅಲ್ಲಾಡಬಾರದು.

ಬ್ರಷ್ ತೆಗೆದ ತೂತಿನಲ್ಲಿ ಟಾರ್ಚ್ ಬಿಟ್ಟು ಕಮ್ಯುಟೇಟರ್ ನೋಡಿ. ನಯವಾದ ಕಂದು ಬಣ್ಣ ಇದ್ದರೆ ಅದು ಒಳ್ಳೆಯದೇ, ಹೊಳೆಯಲಿ ಅಂತ ಕೆರೆಯಬೇಡಿ. ಮೇಲೆ ಮೇಲೆ ಕಪ್ಪಾಗಿದ್ದರೆ ತೀರಾ ನುಣುಪಾದ ಸ್ಯಾಂಡ್ ಪೇಪರ್ ಸಾಕು. ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ಕಿಡಿ ಹಾರಿಸುತ್ತದೆ. ಬ್ರಷ್ ಓಡಿ ಓಡಿ ಗುಂಡಿ ಬಿದ್ದಿದ್ದರೆ ಆರ್ಮೇಚರ್ ತೆಗೆದು ಲೇತ್‌ನಲ್ಲಿ ಸವರಿಸಬೇಕು. ಸವರಿದ ಮೇಲೆ ಪಟ್ಟಿಗಳ ನಡುವಿನ ಮೈಕಾವನ್ನು ಸುಮಾರು ಅರ್ಧ ಮಿಲಿಮೀಟರ್ ಕೆಳಗೆ ಕೊರೆಯಬೇಕು. ಲೇತ್‌ನವರು ಇದನ್ನು ಮರೆಯುವುದು ಜಾಸ್ತಿ, ನೀವೇ ನೆನಪಿಸಿ. ಮರೆತರೆ ಹೊಸ ಬ್ರಷ್ ಕೆಲವೇ ತಿಂಗಳಲ್ಲಿ ಕುಣಿದು ಕುಣಿದು ಸವೆಯುತ್ತದೆ. ಕಾರ್ಬನ್ ಪುಡಿಯನ್ನು ಬಾಯಲ್ಲಿ ಊದಬೇಡಿ. ಮಾಸ್ಕ್ ಹಾಕಿಕೊಂಡು ಹಳೇ ಪೇಂಟ್ ಬ್ರಷ್‌ನಲ್ಲಿ ಸಡಿಲಿಸಿ, ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದುಬಿಡಿ.

ಸುಟ್ಟ ವಾಸನೆ ಕೆಟ್ಟ ಬ್ರಷ್ಷಿನಿಂದಲೂ ಬರಬಹುದು, ಬ್ರೇಕಿನಿಂದಲೂ ಬರಬಹುದು. ಈ ಬ್ರೇಕ್ ಕಾರಿನ ಬ್ರೇಕಿಗೆ ಉಲ್ಟಾ. ಕರೆಂಟ್ ಇಲ್ಲದಾಗ ಹಿಡಿದಿರುತ್ತದೆ, ಕರೆಂಟ್ ಕೊಟ್ಟರೆ ಬಿಡುತ್ತದೆ. ಜಾಯ್‌ಸ್ಟಿಕ್ ಅಲ್ಲಾಡಿಸಿದ ತಕ್ಷಣ ಚಕ್ರದ ಬಳಿ "ಟಿಕ್" ಅನ್ನುವುದು ಅದೇ. ಮನೆ ನಿಶ್ಶಬ್ದ ಇದ್ದಾಗ ಎರಡೂ ಬದಿಗೆ ಕಿವಿಗೊಡಿ. ಬಲಗಡೆ ಟಿಕ್ ಇಲ್ಲದಿದ್ದರೆ ಅಥವಾ ಮಂಕಾಗಿದ್ದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಮೋಟರ್ ಅದನ್ನು ಉಜ್ಜಿಕೊಂಡೇ ರ‍್ಯಾಂಪ್ ಹತ್ತುತ್ತಿದೆ. ಸಣ್ಣ ವೈರ್ ಎರಡರ ನಡುವೆ ಓಮ್ ಅಳೆದರೆ ಬ್ರೇಕ್ ಬಿಡಿಸುವ ತಂತಿ ಸುರುಳಿ (ಕಾಯಿಲ್) ಬದುಕಿದೆಯಾ ಗೊತ್ತಾಗುತ್ತದೆ. ಬ್ರೇಕಿನ ಮೇಲೆ 24 ವೋಲ್ಟ್ 8 ವಾಟ್ ಅಂತ ಬರೆದಿದ್ದರೆ ಸುಮಾರು 72 ಓಮ್ ಬರಬೇಕು. ಬರಹ ಅಳಿಸಿದ್ದರೆ ಎಡಗಡೆಯದಕ್ಕೆ ಹೋಲಿಸಿ.

ಕೆಲವರು ತೊಂದರೆ ಕೊಡುವ ಬ್ರೇಕನ್ನು ಕಿತ್ತುಹಾಕಿ, ಕಂಟ್ರೋಲರನ್ನು ಏಮಾರಿಸಲು ಅದರ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸುತ್ತಾರೆ. ಚೇರ್ ಚೆನ್ನಾಗಿಯೇ ಓಡುತ್ತದೆ, ರ‍್ಯಾಂಪಿನ ಮಧ್ಯೆ ಪವರ್ ಹೋಗುವವರೆಗೆ. ಆಮೇಲೆ ಅಮ್ಮನನ್ನು ತಡೆಯುವುದು ಗೋಡೆಯೇ. ಯಾರಾದರೂ ಇದನ್ನು ಸಲಹೆ ಕೊಟ್ಟರೆ ಆ ಅಂಗಡಿಯಿಂದ ಚೇರ್ ವಾಪಸ್ ತನ್ನಿ.

ಗೇರ್‌ಬಾಕ್ಸ್ ಪರೀಕ್ಷೆ ಸುಲಭ. ಮೋಟರಿನ ಪ್ಲಗ್ ಕಳಚಿ, ಫ್ರೀವೀಲ್ ಲಿವರ್ ಎಳೆದು, ಚಕ್ರ ಕೈಯಲ್ಲಿ ತಿರುಗಿಸಿ. ಎಡಕ್ಕಿಂತ ಬಿಗಿ ಇದ್ದರೆ, ಕರಕರ ಅಂದರೆ ಬೇರಿಂಗ್ ಅಥವಾ ಗೇರ್. ಬೇರಿಂಗ್ ಆದರೆ ಚಿಂತೆ ಇಲ್ಲ. ಅದರ ಅಂಚಿನಲ್ಲಿ 6202, 6203 ಅಂತ ನಂಬರ್ ಕೊರೆದಿರುತ್ತದೆ. ಆ ನಂಬರ್ ಜಗತ್ತಿಗೆಲ್ಲ ಒಂದೇ. ಎಸ್.ಜೆ.ಪಿ. ರಸ್ತೆಯಲ್ಲಿ ಒಳ್ಳೆಯ ಕಂಪನಿಯ, ಎರಡು ಬದಿಗೂ ರಬ್ಬರ್ ಸೀಲ್ ಇರುವುದನ್ನು ಕೇಳಿ ತನ್ನಿ. ಗ್ರೀಸಿನಲ್ಲಿ ಹಿತ್ತಾಳೆ ಬಣ್ಣದ ಚೂರು ಮಿಂಚುತ್ತಿದ್ದರೆ ಮಾತ್ರ ಗೇರೇ ಸವೆದಿದೆ. ಅದನ್ನು ಒಂದೇ ಒಂದು ಪೀಸ್ ಮಾಡಿಸುವುದು ಪೀಣ್ಯದಲ್ಲೂ ತಲೆನೋವೇ. ಆಗ ಬೇರೆ ಮೋಟರ್ ಹುಡುಕುವುದು ವಾಸಿ.

ಆರ್ಮೇಚರ್ ಸುಟ್ಟಿದ್ದರೆ? ರೀವೈಂಡಿಂಗ್, ಅಂದರೆ ಹೊಸ ತಂತಿ ಸುತ್ತಿಸುವುದು, ಆಗುತ್ತದೆ. ಆದರೆ ಪಂಪ್‌ಸೆಟ್ ಮೋಟರ್ ಕಟ್ಟುವವರ ಹತ್ತಿರ ಅಲ್ಲ, ಸ್ಟಾರ್ಟರ್ ಮೋಟರ್, ಡ್ರಿಲ್ ಮಷಿನ್ ಆರ್ಮೇಚರ್ ಕಟ್ಟುವವರ ಹತ್ತಿರ ಹೋಗಿ. ಗ್ರೋಲರ್ ಇದೆಯಾ ಅಂತ ಕೇಳಿ. ಅದು ಆರ್ಮೇಚರಿನ ಒಳಗಿನ ಶಾರ್ಟ್ ಹಿಡಿಯುವ ಸಾಧನ. ಇಲ್ಲ ಅಂದರೆ ಮುಂದಿನ ಅಂಗಡಿ. ಅದೇ ಗೇಜ್ ತಂತಿ, ಅಷ್ಟೇ ಸುತ್ತು, ಕೊನೆಗೆ ವಾರ್ನಿಷ್ ಹಾಕಿ ಬಿಸಿಯಲ್ಲಿ ಒಣಗಿಸುವುದು, ಈ ಮೂರನ್ನೂ ಮೊದಲೇ ಮಾತಾಡಿಕೊಳ್ಳಿ. ಮೋಟರ್ ಬಿಚ್ಚುವ ಮುಂಚೆ ಬಾಡಿ ಮತ್ತು ಮುಚ್ಚಳದ ಮೇಲೆ ಒಂದೇ ಗೆರೆ ಎಳೆದಿಡಿ, ವಾಪಸ್ ಅದೇ ಕೋನದಲ್ಲಿ ಕೂರಬೇಕು. ಸುತ್ತಿಗೆ ಹತ್ತಿರವೂ ಬರಬಾರದು. ಒಳಗಿನ ಆಯಸ್ಕಾಂತ ಪಿಂಗಾಣಿ ಜಾತಿಯದು, ಒಂದೇ ಏಟಿಗೆ ಬಿರುಕು ಬಿಡುತ್ತದೆ.

ಇನ್ನು ವೈಪರ್ ಮೋಟರ್. ಕಾರಿನದು 12 ವೋಲ್ಟ್. ಗಾಜು ಒರೆಸುವಷ್ಟೇ ಶಕ್ತಿ. ಬ್ರೇಕ್ ಇಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಂಥ ಎಷ್ಟೋ ಮೋಟರುಗಳಲ್ಲಿ ಒಂದು ಬ್ರಷ್ ನೇರ ಬಾಡಿಗೇ ಸೇರಿರುತ್ತದೆ, ಕಾರಿನಲ್ಲಿ ಬಾಡಿಯೇ ಅರ್ಥ್ ಆದ್ದರಿಂದ. ವೀಲ್‌ಚೇರಿನ ಕಂಟ್ರೋಲರ್ ಹಿಂದೆ ಮುಂದೆ ಓಡಿಸಲು ಎರಡೂ ವೈರಿನ ಧ್ರುವ ಬದಲಿಸುತ್ತಿರುತ್ತದೆ. ಅಲ್ಲಿಗೆ ಅಮ್ಮ ಕೂರುವ ಚೌಕಟ್ಟೇ ಕರೆಂಟಿನ ದಾರಿಯಾಗುತ್ತದೆ. ಮೋಟರ್ ಉಳಿಸಲು ಹೋಗಿ ಕಂಟ್ರೋಲರನ್ನೂ ಕಳೆದುಕೊಳ್ಳುತ್ತೀರಿ.

ಆನ್‌ಲೈನಿನಲ್ಲಿ ಸಿಗುವ 24 ವೋಲ್ಟ್, 250 ವಾಟಿನ ಸ್ಕೂಟರ್ ಮೋಟರೂ ಆಸೆ ಹುಟ್ಟಿಸುತ್ತದೆ. ಲೆಕ್ಕ ನೋಡಿ. ಪವರ್ ಚೇರಿನ ಸುಮಾರು 32 ಸೆಂಟಿಮೀಟರಿನ ಚಕ್ರ ಒಂದು ಸುತ್ತಿಗೆ ಒಂದು ಮೀಟರ್ ಹೋಗುತ್ತದೆ. ಗಂಟೆಗೆ 6 ಕಿಲೋಮೀಟರ್ ಅಂದರೆ ನಿಮಿಷಕ್ಕೆ 100 ಸುತ್ತು. ಆ ಸ್ಕೂಟರ್ ಮೋಟರ್ ತಿರುಗುವುದು ನಿಮಿಷಕ್ಕೆ 2,500ಕ್ಕೂ ಮೇಲೆ. ನಡುವೆ 25 ಪಟ್ಟು ಇಳಿಸುವ ಗೇರ್ ಯಾರು ಕೊಡುತ್ತಾರೆ? ಬ್ರೇಕ್ ಅದಕ್ಕೂ ಇಲ್ಲ. ಚಕ್ರದೊಳಗೇ ಕೂರುವ ಹಬ್ ಮೋಟರ್ ಹಾಕೋಣ ಅಂದರೆ ಅದಕ್ಕೆ ಮೂರು ದಪ್ಪ ವೈರ್ ಬೇಕು, ನಿಮ್ಮ ಕಂಟ್ರೋಲರ್ ಕೊಡುವುದು ಎರಡು. ಆಗ ಕಂಟ್ರೋಲರ್, ಜಾಯ್‌ಸ್ಟಿಕ್ ಎಲ್ಲ ಬದಲಾಗಬೇಕು. ಅಷ್ಟು ಮಾಡುವುದಾದರೆ ಹೊಸ ಚೇರೇ ಮೇಲು.

ಬೇರೆ ಮೋಟರ್ ಹಾಕಲೇಬೇಕು ಅಂತಾದರೆ ಅದೇ ಮಾಡೆಲಿನ ಹಳೇ ಚೇರ್ ಯಾರ ಮನೆಯಲ್ಲಾದರೂ ಮೂಲೆ ಸೇರಿದೆಯಾ ಅಂತ ಮೊದಲು ವಿಚಾರಿಸಿ. ಬಾಡಿಗೆಗೆ ವೀಲ್‌ಚೇರ್ ಕೊಡುವವರ ಗೋಡೌನಿನಲ್ಲಿ ಇಂಥವು ಬಿದ್ದಿರುತ್ತವೆ. ಸಿಕ್ಕರೆ ಎರಡೂ ಮೋಟರ್ ತನ್ನಿ, ಜೋಡಿಯಾಗಿಯೇ ಹಾಕಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಚೇರ್ ಮತ್ತೆ ಒಂದು ಬದಿಗೆ ಎಳೆಯುತ್ತದೆ. ಬೇರೆ ಕಂಪನಿಯದಾದರೆ ಪ್ಲೇಟ್ ಮೇಲಿನ ವೋಲ್ಟ್, ಗೇರ್‌ಬಾಕ್ಸ್‌ನಿಂದ ಹೊರಬರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಎಡವೋ ಬಲವೋ ಅನ್ನುವುದು, ಶಾಫ್ಟಿನ ದಪ್ಪ, ಬೋಲ್ಟ್ ತೂತುಗಳ ಅಂತರ, ಬ್ರೇಕಿನ ಓಮ್ ಎಲ್ಲ ಹೊಂದಬೇಕು. ಶಾಫ್ಟನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಸ್ಕೇಲ್ ಸಾಲದು. ಬ್ರ್ಯಾಕೆಟ್ ಹೊಂದದಿದ್ದರೆ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಮೋಟರಿನ ಓಮ್ ಬದಲಾದರೆ ಕಂಟ್ರೋಲರಿನಲ್ಲಿ ಮೋಟರ್ ಕಾಂಪೆನ್ಸೇಷನ್ ಅನ್ನುವ ಸೆಟ್ಟಿಂಗನ್ನೂ ಬದಲಿಸಬೇಕು. ಇಲ್ಲದಿದ್ದರೆ ಚೇರ್ ಜಗ್ಗಿ ಜಗ್ಗಿ ಓಡುತ್ತದೆ, ಸಣ್ಣ ಹೊಸ್ತಿಲಿಗೂ ನಿಲ್ಲುತ್ತದೆ. ಇದಕ್ಕೆ ಡೀಲರ್ ಬಳಿಯ ಪ್ರೋಗ್ರಾಮರ್ ಅನ್ನುವ ಸಾಧನ ಬೇಕು. ಹಾಗಾಗಿ ಮೋಟರ್ ಕೊಳ್ಳುವ ಮುಂಚೆಯೇ ಅದು ಯಾರ ಹತ್ತಿರ ಇದೆ ಅಂತ ತಿಳಿದುಕೊಳ್ಳಿ. ಸುಟ್ಟ ಪ್ಲಗ್, ಪಿನ್, ಫ್ಯೂಸ್ ಎಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಫೋಟೋ ನಂಬಬೇಡಿ.

ಅಮ್ಮ ಇಡೀ ದಿನ ಚೇರಿನಲ್ಲೇ ಕೂರುವವರಾದರೆ ಬದಲಿ ವ್ಯವಸ್ಥೆ ಮಾಡಿಯೇ ಸ್ಪ್ಯಾನರ್ ಹಿಡಿಯಿರಿ. ಒಂದು ಮಾಮೂಲಿ ವೀಲ್‌ಚೇರ್ ಬಾಡಿಗೆಗೆ ತನ್ನಿ. ಆದರೆ ಅದರ ಸೀಟಿನ ಮೇಲೆ ಸುಮ್ನೆ ಹಾಗೇ ಕೂರಿಸಬೇಡಿ, ಅವರದೇ ಕುಶನ್ ತೆಗೆದು ಹಾಕಿ. ಅಭ್ಯಾಸವಿಲ್ಲದ ಸೀಟಿನಲ್ಲಿ ಎರಡು ದಿನ ಕೂತರೂ ಒತ್ತಿ ಹುಣ್ಣಾಗಬಹುದು.

ಹೊಸ ಬ್ರಷ್ ಹಾಕಿದ ಮೇಲೆ ಚಕ್ರ ಎತ್ತಿಟ್ಟು ಕಡಿಮೆ ಸ್ಪೀಡಿನಲ್ಲಿ ಅರ್ಧ ಗಂಟೆ ಓಡಿಸಿ. ಬ್ರಷ್ ತುದಿ ಕಮ್ಯುಟೇಟರಿನ ಆಕಾರಕ್ಕೆ ಕೂರಬೇಕು. ಆಮೇಲೆ ಅಮ್ಮನಿಲ್ಲದೆ ಅಕ್ಕಿ ಮೂಟೆ ಇಟ್ಟು, ಬೆಲ್ಟ್ ಬಿಗಿದು, ಮನೆಯೊಳಗೆ ನೇರ ಓಡುತ್ತದಾ ನೋಡಿ. ಹತ್ತು ನಿಮಿಷ ಓಡಿಸಿ ಎರಡೂ ಮೋಟರಿನ ಮೇಲೆ ಕೈ ಇಡಿ, ಬಿಸಿ ಹೆಚ್ಚುಕಡಿಮೆ ಸಮ ಇರಬೇಕು. ಬೇಸ್‌ಮೆಂಟ್ ರ‍್ಯಾಂಪ್ ಮಾತ್ರ ಮುಂದೆಯೂ ಬೇಡ. ವೀಲ್‌ಚೇರಿಗೆ ಹೇಳಿದ ಇಳಿಜಾರು 12 ಅಡಿ ಉದ್ದಕ್ಕೆ ಒಂದು ಅಡಿ ಎತ್ತರ. ಕಾರಿಗೆ ಕಟ್ಟಿದ ರ‍್ಯಾಂಪ್ ಅದಕ್ಕಿಂತ ಕಡಿದಾಗಿರುವುದೇ ಜಾಸ್ತಿ. ನಿಮ್ಮದನ್ನು ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ, ಲಿಫ್ಟ್ ಬೇಸ್‌ಮೆಂಟಿಗೆ ಬರುತ್ತಿದ್ದರೆ ಅದರಲ್ಲೇ ಕರೆದುಕೊಂಡು ಹೋಗಿ.